ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿ ಪುಕ್ಕಟೆಯಾಗಿ ವ್ಯಾಪಾರದ ಅಧ್ಯಯನ: ಕಾರ್ಡಿನಿಂದ ಟ್ರೇಡ್‌ಮಾರ್ಕ್‌ವರೆಗೆ

ಅಮೆರಿಕದಲ್ಲಿ ಹೊಸ ವ್ಯಾಪಾರಕ್ಕೆ ಕೈಹಾಕುವವರು ಮಾರುಕಟ್ಟೆ ವರದಿಯನ್ನು ಬಿಡಿಯಾಗಿ ಕೊಳ್ಳಲು ಹೋದರೆ ಒಂದೊಂದಕ್ಕೇ ಸಾವಿರಾರು ಡಾಲರ್ ಕೇಳುವುದುಂಟು. ಅದೇ ಬಗೆಯ ವರದಿ, ಅಂಗಡಿಗಳ ಪಟ್ಟಿ, ಜನಗಣತಿಯ ಕೋಷ್ಟಕ ಎಲ್ಲವೂ ದೊಡ್ಡ ಊರುಗಳ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾರ್ಡ್ ಇದ್ದವರಿಗೆ ಪುಕ್ಕಟೆಯಾಗಿ ಸಿಗುತ್ತವೆ. ಬಾಸ್ಟನ್ ಪಬ್ಲಿಕ್ ಲೈಬ್ರರಿಯ ಕರ್ಸ್ಟೀನ್ ಬಿಸಿನೆಸ್ ಲೈಬ್ರರಿ ಇದಕ್ಕೆಂದೇ ಇರುವ ವಿಭಾಗ. ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ ಕನ್ನಡಿಗರು ಅದನ್ನು ಹೇಗೆ ಬಳಸಿಕೊಳ್ಳಬೇಕು, ಎಲ್ಲೆಲ್ಲಿ ಲೆಕ್ಕ ತಪ್ಪುತ್ತದೆ ಎಂಬುದು ಈ ಬರಹದ ವಿಷಯ.

ಬಾಸ್ಟನ್ ಪಬ್ಲಿಕ್ ಲೈಬ್ರರಿ ಸ್ಥಾಪನೆಯಾದದ್ದು 1848ರಲ್ಲಿ, ಓದುಗರಿಗೆ ಬಾಗಿಲು ತೆರೆದದ್ದು 1854ರಲ್ಲಿ. ಕಾಪ್ಲೀ ಚೌಕದ ಎದುರಿಗಿರುವ ಕಲ್ಲಿನ ಕಟ್ಟಡ 1895ರದು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್. ಅದರ ಹೆಬ್ಬಾಗಿಲ ಮೇಲೆ ‘ಎಲ್ಲರಿಗೂ ಉಚಿತ’ ಎಂಬರ್ಥದ ಮಾತನ್ನು ಕೆತ್ತಿದ್ದಾರೆ. ವ್ಯಾಪಾರಿಗಳಿಗೆಂದು ಬೇರೆಯೇ ಶಾಖೆ ತೆರೆಯುವ ಪದ್ಧತಿಯನ್ನು 1904ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್ ಗ್ರಂಥಾಲಯ ಶುರುಮಾಡಿತ್ತು. ಬಾಸ್ಟನ್ನಿನಲ್ಲಿ ಅಂಥ ಶಾಖೆ 1930ರಲ್ಲಿ ಬಂತು. ಫೈಲೀನ್ಸ್ ಎಂಬ ದೊಡ್ಡ ಬಟ್ಟೆ ಮಳಿಗೆಯ ಲೂಯಿಸ್ ಕರ್ಸ್ಟೀನ್ ತಮ್ಮ ತಂದೆಯ ನೆನಪಿಗೆ ಕಟ್ಟಿಸಿಕೊಟ್ಟದ್ದು. 2009ರಲ್ಲಿ ಆ ಶಾಖೆ ಮುಖ್ಯ ಗ್ರಂಥಾಲಯದೊಳಕ್ಕೇ ಬಂದು ಸೇರಿತು. ಈಗ ಅದಿರುವುದು ಬಾಯ್ಲ್‌ಸ್ಟನ್ ಬೀದಿಯ ಕಡೆಗಿರುವ, 1972ರಲ್ಲಿ ಕಟ್ಟಿದ ಹೊಸ ಭಾಗದ ನೆಲಮಾಳಿಗೆಯಲ್ಲಿ. ಗ್ರೀನ್ ಲೈನ್ ರೈಲಿನಲ್ಲಿ ಬಂದು ಕಾಪ್ಲೀ ನಿಲ್ದಾಣದಲ್ಲಿ ಇಳಿದರೆ ಗ್ರಂಥಾಲಯ ಎದುರಿಗೇ ಇದೆ. ಹಳೆಯ ಕಟ್ಟಡದ ಕಡೆಯಿಂದ ಒಳಹೊಕ್ಕವರು ಅಮೃತಶಿಲೆಯ ಮೆಟ್ಟಿಲು, ಬೇಟ್ಸ್ ಹಾಲ್ ಎಂಬ ಓದುವ ಕೋಣೆ ನೋಡುತ್ತಾ ಅಲ್ಲೇ ಉಳಿದುಬಿಡುತ್ತಾರೆ. ಕೆಲಸಕ್ಕೆ ಬಂದವರು ಬಾಯ್ಲ್‌ಸ್ಟನ್ ಬೀದಿಯ ಬಾಗಿಲಿನಿಂದ ಬರುವುದು ಒಳ್ಳೆಯದು.

ವಿವರಣೆಗೆ ಒಂದೇ ಉದಾಹರಣೆಯನ್ನು ಕೊನೆಯತನಕ ಹಿಡಿದುಕೊಂಡು ಹೋಗೋಣ. ಬಾಸ್ಟನ್ ಆಸುಪಾಸಿನ ಒಬ್ಬರು ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿಗಳನ್ನು ಮಾಡಿ ಪೊಟ್ಟಣ ಕಟ್ಟಿ ದಿನಸಿ ಅಂಗಡಿಗಳಿಗೆ ಕೊಡಬೇಕೆಂದಿದ್ದಾರೆ ಎಂದಿಟ್ಟುಕೊಳ್ಳಿ.

ಹೊರಡುವ ಮೊದಲು: ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಅಮೆರಿಕದಲ್ಲಿ ಮಸಾಲೆ ಪುಡಿಗೆ ಮಾರ್ಕೆಟ್ ಹೇಗಿದೆ?’ ಎಂದು ಕೇಳಿದರೆ ಗ್ರಂಥಪಾಲಕರು ನೂರು ಪುಟದ ವರದಿಯೊಂದನ್ನು ತೋರಿಸಬಲ್ಲರು, ಅದರಿಂದ ನಿಮಗೆ ಏನೂ ಸಿಗುವುದಿಲ್ಲ. ಪ್ರಶ್ನೆಯೊಳಗೆ ಸರಕು, ಜಾಗ, ಗಿರಾಕಿ ಮೂರೂ ಇರಬೇಕು. ‘ಮಿಡ್ಲ್‌ಸೆಕ್ಸ್ ಮತ್ತು ವುಸ್ಟರ್ ಕೌಂಟಿಗಳಲ್ಲಿ ದಕ್ಷಿಣ ಭಾರತದ ಮನೆಗಳು ಎಷ್ಟು? ಅವರಿಗೆ ದಿನಸಿ ಮಾರುವ ಅಂಗಡಿಗಳು ಎಲ್ಲೆಲ್ಲಿವೆ? ಈಗಾಗಲೇ ಇಲ್ಲಿ ಪುಡಿ ಮಾಡಿ ಮಾರುತ್ತಿರುವವರು ಯಾರು?’ ಹೀಗೆ ಒಂದು ಹಾಳೆಯಲ್ಲಿ ನಾಲ್ಕೈದು ಪ್ರಶ್ನೆ ಬರೆದುಕೊಳ್ಳಿ. ಪ್ರತಿ ಪ್ರಶ್ನೆಯ ಮುಂದೆ, ಆ ಉತ್ತರ ಸಿಕ್ಕರೆ ಯಾವ ತೀರ್ಮಾನ ಬದಲಾಗುತ್ತದೆ ಎಂದೂ ಬರೆಯಿರಿ. ಯಾವ ತೀರ್ಮಾನವೂ ಬದಲಾಗದ ಪ್ರಶ್ನೆಯನ್ನು ಹೊಡೆದುಹಾಕಿ.

ಕೌಂಟಿ ಹೆಸರಿನಲ್ಲೇ ಒಂದು ಎಡವಟ್ಟಿದೆ. ಬಾಸ್ಟನ್ ನಗರ ಇರುವುದು ಸಫೋಕ್ ಕೌಂಟಿಯಲ್ಲಿ. ಆದರೆ ಈ ಪುಡಿಗೆ ಗಿರಾಕಿಯಾಗಬಹುದಾದ ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಬರ್ಲಿಂಗ್ಟನ್, ಲೆಕ್ಸಿಂಗ್ಟನ್, ಆಕ್ಟನ್, ವೆಸ್ಟ್‌ಫರ್ಡ್, ಫ್ರೇಮಿಂಗ್‌ಹ್ಯಾಮ್ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿವೆ; ಶ್ರೂಸ್‌ಬರಿ, ವೆಸ್ಟ್‌ಬರೊ ವುಸ್ಟರ್ ಕೌಂಟಿಯಲ್ಲಿವೆ. ‘ಬಾಸ್ಟನ್’ ಎಂದಷ್ಟೇ ಹುಡುಕಿದವರ ಲೆಕ್ಕದಿಂದ ಅರ್ಧಕ್ಕರ್ಧ ಗಿರಾಕಿಗಳೇ ಬಿಟ್ಟುಹೋಗಿರುತ್ತಾರೆ.

ಕಾರ್ಡ್

ಮ್ಯಾಸಚೂಸೆಟ್ಸ್ ನಿವಾಸಿಗಳಿಗೆ ಕಾರ್ಡ್ ಉಚಿತ, ಬಾಸ್ಟನ್ ನಗರದೊಳಗೇ ಇರಬೇಕೆಂದಿಲ್ಲ. ಗುರುತಿನ ಚೀಟಿ ಮತ್ತು ಈಗಿನ ವಿಳಾಸ ತೋರಿಸುವ ಕಾಗದ ಬೇಕು. ಹೊಸದಾಗಿ ಬಂದವರ ಹತ್ತಿರ ಪಾಸ್‌ಪೋರ್ಟ್ ಇರುತ್ತದೆ, ಆದರೆ ಅದರಲ್ಲಿರುವುದು ಊರಿನ ವಿಳಾಸ. ಹಾಗಾಗಿ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ ಜೊತೆಗಿರಲಿ. ಆನ್‌ಲೈನಿನಲ್ಲೇ ಇ-ಕಾರ್ಡ್ ಮಾಡಿಸಿಕೊಳ್ಳಲೂಬಹುದು. ಅದರಿಂದ ಇ-ಪುಸ್ತಕ, ಡೇಟಾಬೇಸ್ ತೆರೆಯುತ್ತವೆ.

ಡೇಟಾಬೇಸ್‌ಗಳಲ್ಲಿ ಎರಡು ಬಗೆ. ಕೆಲವು ಕಾರ್ಡ್ ಸಂಖ್ಯೆ ಕೊಟ್ಟರೆ ಮನೆಯಿಂದಲೇ ತೆರೆಯುತ್ತವೆ, ಕೆಲವನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲೇ ಕೂತು ನೋಡಬೇಕು. ಗ್ರಂಥಾಲಯದ ಜಾಲತಾಣದ ಡೇಟಾಬೇಸ್ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಇದನ್ನು ನೋಡಿಕೊಳ್ಳಿ. ಮನೆಯಿಂದ ಆಗುವುದನ್ನು ಮನೆಯಲ್ಲೇ ಮುಗಿಸಿ, ಹೋದ ದಿನ ಉಳಿದದ್ದಕ್ಕೆ ಮಾತ್ರ ಸಮಯ ಇಡಿ. ಗ್ರಂಥಾಲಯ ಯಾವ ಡೇಟಾಬೇಸಿಗೆ ಚಂದಾ ಕಟ್ಟಿದೆ ಎಂಬುದು ವರ್ಷ ವರ್ಷ ಬದಲಾಗುತ್ತದೆ. ಯಾರೋ ಎರಡು ವರ್ಷದ ಹಿಂದೆ ಹೇಳಿದ ಡೇಟಾಬೇಸನ್ನು ನಂಬಿಕೊಂಡು ರೈಲು ಹತ್ತಬೇಡಿ.

ಸರಿಯಾದ ಕೋಡ್ ಹಿಡಿಯುವುದು

ಮುಂದಿನ ಎಲ್ಲ ಕೆಲಸಕ್ಕೂ ಬುಡ ಇದು. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ಉದ್ಯಮಗಳಿಗೆ ಆರಂಕಿಯ ಸಂಖ್ಯೆ ಕೊಟ್ಟಿವೆ. ಅದನ್ನು ‘ನೇಕ್ಸ್’ ಕೋಡ್ ಎನ್ನುತ್ತಾರೆ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ, ಇತ್ತೀಚಿನದು 2022ರದು. ಅದಕ್ಕೂ ಹಿಂದೆ ಇದ್ದ ನಾಲ್ಕಂಕಿಯ ‘ಎಸ್‌ಐಸಿ’ ಕೋಡ್ 1987ರಲ್ಲಿ ಕೊನೆಯ ಬಾರಿ ತಿದ್ದಿದ್ದು, ಆದರೂ ಹಲವು ಡೇಟಾಬೇಸುಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ನಮ್ಮ ಉದಾಹರಣೆಗೆ ಬೇಕಾದದ್ದು 311942: ಮಸಾಲೆ, ಉಪ್ಪು, ಒಣ ಮಿಶ್ರಣಗಳ ತಯಾರಿಕೆ. ಸಾರಿನ ಪುಡಿ, ಚಟ್ನಿ ಪುಡಿ ಎರಡೂ ಇದರೊಳಗೆ ಬರುತ್ತವೆ. ಚಕ್ಕುಲಿ, ಕೋಡುಬಳೆ ಸೇರಿಸಿದರೆ 311919, ಅಂದರೆ ಇತರೆ ಕುರುಕಲು ತಿಂಡಿ. ಉಪ್ಪಿನಕಾಯಿಗೆ 311421, ಹಣ್ಣು ತರಕಾರಿ ಸಂಸ್ಕರಣೆಯ ಗುಂಪು. ಉಪ್ಪಿನಕಾಯಿಯ ವಿಷಯದಲ್ಲಿ ಕೋಡ್ ಅಷ್ಟೇ ಅಲ್ಲ, ಕಾನೂನೂ ಬೇರೆ: ಹುಳಿ ಸೇರಿಸಿ ಕೆಡದಂತೆ ಮಾಡಿದ ಆಹಾರಕ್ಕೆ ಒಕ್ಕೂಟ ಸರ್ಕಾರದ ಪ್ರತ್ಯೇಕ ನಿಯಮವಿದೆ. ಮೊದಲ ವರ್ಷ ಪುಡಿಗಳಿಗಷ್ಟೇ ಅಂಟಿಕೊಳ್ಳುವುದು ಜಾಣತನ.

ಕೊಳ್ಳುವವರ ಕೋಡ್‌ಗಳನ್ನೂ ಬರೆದುಕೊಳ್ಳಿ: 445110 ದಿನಸಿ ಅಂಗಡಿ ಮತ್ತು ಸೂಪರ್‌ಮಾರ್ಕೆಟ್, 445131 ಮೂಲೆಯಂಗಡಿಯಂಥ ಕನ್ವೀನಿಯೆನ್ಸ್ ಸ್ಟೋರ್, 424490 ಇತರೆ ದಿನಸಿಯ ಸಗಟು ವ್ಯಾಪಾರ, 722511 ಮೇಜಿಗೆ ಬಡಿಸುವ ಹೋಟೆಲು, 722320 ಅಡುಗೆ ಗುತ್ತಿಗೆ. ಕೋಡ್ ಹುಡುಕುವ ಪುಟ ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋದ ಜಾಲತಾಣದಲ್ಲಿ ಉಚಿತವಾಗಿದೆ. ಅಲ್ಲಿ ‘ಮಸಾಲಾ’ ಎಂದು ಹೊಡೆದರೆ ಪ್ರಯೋಜನವಿಲ್ಲ, ‘ಸ್ಪೈಸ್’, ‘ಸೀಸನಿಂಗ್’ ಎಂದು ಹೊಡೆಯಬೇಕು.

ಗಿರಾಕಿಗಳನ್ನು ಎಣಿಸುವುದು

ಇದಕ್ಕೆ ಚಂದಾ ಬೇಕಿಲ್ಲ. ಸೆನ್ಸಸ್ ಬ್ಯೂರೋದ ಡೇಟಾ ತಾಣ ಸಾಕು. ಆದರೆ ಅದನ್ನು ಮೊದಲ ಸಲ ತೆರೆದವರಿಗೆ ತಲೆ ಕೆಡುತ್ತದೆ. ಗ್ರಂಥಪಾಲಕರ ಪಕ್ಕ ಕೂತು ಅರ್ಧ ಗಂಟೆ ಕಲಿಯುವುದೇ ಲೇಸು.

ಬೇಕಾದವು ಎರಡು ಕೋಷ್ಟಕ. ಬಿ02015 ಎಂಬುದು ಏಷ್ಯಾ ಮೂಲದವರನ್ನು ದೇಶವಾರು ಎಣಿಸುತ್ತದೆ. ‘ಏಷ್ಯನ್ ಇಂಡಿಯನ್’ ಸಾಲು ನೋಡಿ. ಬಿ16001 ಮನೆಯಲ್ಲಿ ಆಡುವ ಭಾಷೆಯ ಲೆಕ್ಕ ಕೊಡುತ್ತದೆ. ತಮಿಳಿಗೆ, ತೆಲುಗಿಗೆ ಬೇರೆ ಬೇರೆ ಸಾಲಿದೆ. ಕನ್ನಡಕ್ಕೆ ಸ್ವಂತ ಸಾಲಿಲ್ಲ, ‘ಮಲಯಾಳಂ, ಕನ್ನಡ ಅಥವಾ ಇತರೆ ದ್ರಾವಿಡ ಭಾಷೆಗಳು’ ಎಂದು ಒಟ್ಟಿಗೆ ಸೇರಿಸಿದ್ದಾರೆ. ಅಲ್ಲಿಂದ ಕನ್ನಡಿಗರನ್ನು ಮಾತ್ರ ಹೆಕ್ಕಿ ತೆಗೆಯಲು ಸಾಧ್ಯವಿಲ್ಲ. ಪುಡಿ ವ್ಯಾಪಾರಕ್ಕೆ ಅದರ ಅಗತ್ಯವೂ ಇಲ್ಲ: ತಮಿಳರ ರಸಂ, ತೆಲುಗರ ಚಾರು, ನಮ್ಮ ಸಾರು ಮೂರೂ ಒಂದೇ ಕಪಾಟಿನ ಸರಕು. ಮೂರು ಸಾಲನ್ನೂ ಕೂಡಿಸಿ. ಮನೆಯಲ್ಲಿ ಇಂಗ್ಲಿಷ್ ಆಡುವವರು, ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಈ ಲೆಕ್ಕದಲ್ಲಿ ಇಲ್ಲ.

ಈ ಕೋಷ್ಟಕಗಳು ಬರುವುದು ಬ್ಯೂರೋದ ‘ಅಮೆರಿಕನ್ ಕಮ್ಯುನಿಟಿ ಸರ್ವೆ’ ಎಂಬ ಸಮೀಕ್ಷೆಯಿಂದ. ಊರುವಾರು ಅಂಕಿ ಬೇಕಾದರೆ ಅದರ ಐದು ವರ್ಷದ ಸರಾಸರಿಯನ್ನೇ ಆರಿಸಿ. ಒಂದು ವರ್ಷದ ಸಮೀಕ್ಷೆ 65,000ಕ್ಕಿಂತ ಹೆಚ್ಚು ಜನರಿರುವ ಕಡೆಗಷ್ಟೇ ಸಿಗುತ್ತದೆ. ಶ್ರೂಸ್‌ಬರಿಯಂಥ ಊರು ಅದರಲ್ಲಿ ಕಾಣುವುದೇ ಇಲ್ಲ. ಭಾಷೆಯ ವಿವರವಾದ ಕೋಷ್ಟಕವನ್ನು ಸಣ್ಣ ಊರುಗಳ ಮಟ್ಟದಲ್ಲಿ ಹುಡುಕಬೇಡಿ, ರಾಜ್ಯ ಅಥವಾ ಮಹಾನಗರ ಪ್ರದೇಶದ ಮಟ್ಟದಲ್ಲಿ ತೆಗೆಯಿರಿ. ಬಳಿಕ ಬಿ02015ರ ಊರುವಾರು ಅಂಕಿಯ ಪ್ರಮಾಣದಲ್ಲಿ ಅದನ್ನು ಹಂಚಿಕೊಳ್ಳಿ.

ಪ್ರತಿ ಅಂಕಿಯ ಪಕ್ಕದಲ್ಲಿ ‘ಮಾರ್ಜಿನ್ ಆಫ್ ಎರರ್’ ಎಂಬ ಕಾಲಂ ಇರುತ್ತದೆ, ಅಂದರೆ ಅಂದಾಜು ಎಷ್ಟು ಆಚೀಚೆ ಆಗಿರಬಹುದು ಎಂಬ ಲೆಕ್ಕ. ಹೆಚ್ಚಿನವರು ಅದನ್ನು ಅಳಿಸಿ ಅಂಕಿ ಮಾತ್ರ ಇಟ್ಟುಕೊಳ್ಳುತ್ತಾರೆ. ಅಳಿಸಬೇಡಿ. ಉದಾಹರಣೆಗೆ ಅಂದಾಜು 1,200, ಪಕ್ಕದಲ್ಲಿ 500 ಎಂದಿದ್ದರೆ, 500ನ್ನು 1.645ರಿಂದ (ಬ್ಯೂರೋ ಬಳಸುವ ಶೇ 90ರ ವಿಶ್ವಾಸಮಟ್ಟದ ಗುಣಕ) ಭಾಗಿಸಿ: ಸುಮಾರು 304. ಅದನ್ನು 1,200ರಿಂದ ಭಾಗಿಸಿದರೆ ಶೇ 25. ಇದು ಶೇ 30 ದಾಟಿತೆಂದರೆ ಆ ಅಂಕಿಯ ಮೇಲೆ ಹಣ ಹೂಡುವ ತೀರ್ಮಾನ ಬೇಡ. ಅಕ್ಕಪಕ್ಕದ ಊರುಗಳನ್ನು ಸೇರಿಸಿ ದೊಡ್ಡ ಪ್ರದೇಶ ಮಾಡಿ ಮತ್ತೆ ನೋಡಿ.

ಈಗ ಮಾರಾಟದ ಅಂದಾಜು. ಅಂಕಿಗಳು ವಿಧಾನ ತೋರಿಸಲಿಕ್ಕಷ್ಟೇ: ಕೋಷ್ಟಕದ ಜನರ ಸಂಖ್ಯೆಯನ್ನು ಮನೆಯೊಂದರ ಸರಾಸರಿ ಜನರಿಂದ ಭಾಗಿಸಿದರೆ ಮನೆಗಳು 4,000, ಐದರಲ್ಲಿ ಒಂದು ಮನೆ ಕೊಳ್ಳುತ್ತದೆಂದರೆ 800, ವರ್ಷಕ್ಕೆ ಮನೆಗೆ 6 ಪೊಟ್ಟಣ ಎಂದರೆ 4,800, ಕಪಾಟಿನ ಬೆಲೆ 7 ಡಾಲರ್ ಎಂದರೆ 33,600 ಡಾಲರ್. ಅಂಗಡಿಯವರು ಮೂರನೇ ಒಂದು ಭಾಗ ಇಟ್ಟುಕೊಂಡರೆ ನಿಮ್ಮ ಕೈಗೆ 22,400. ಇದರಲ್ಲಿ ಕೊತ್ತಂಬರಿ ಬೀಜ, ಮೆಣಸಿನಕಾಯಿ, ಪೊಟ್ಟಣ, ಅಡುಗೆಮನೆ ಬಾಡಿಗೆ, ವಿಮೆ ಕಳೆಯಬೇಕು. ಗ್ರಂಥಾಲಯದಿಂದ ಸಿಗುವುದು ಮೊದಲ ಅಂಕಿ, ಅಂದರೆ ಮನೆಗಳ ಸಂಖ್ಯೆ ಮಾತ್ರ. ಐದರಲ್ಲಿ ಒಂದೋ ಹದಿನೈದರಲ್ಲಿ ಒಂದೋ ಎಂಬುದನ್ನು ಯಾವ ಡೇಟಾಬೇಸೂ ಹೇಳುವುದಿಲ್ಲ. ಅದಕ್ಕೆ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಸ್ಯಾಂಪಲ್ ಕೊಟ್ಟು, ದುಡ್ಡು ಕೊಟ್ಟು ಎರಡನೇ ಸಲ ಕೇಳಿದವರೆಷ್ಟು ಮಂದಿ ಎಂದು ಎಣಿಸಬೇಕು. ಚೆನ್ನಾಗಿದೆ ಎಂದು ಹೊಗಳಿದವರ ಎಣಿಕೆ ಬೇಡ.

ಅಂಗಡಿಗಳ ಪಟ್ಟಿ, ಎದುರಾಳಿಗಳ ಪಟ್ಟಿ

ಅಮೆರಿಕದ ದೊಡ್ಡ ಗ್ರಂಥಾಲಯಗಳಲ್ಲಿ ವ್ಯಾಪಾರಿಗಳು ಹೆಚ್ಚು ತೆರೆಯುವುದು ‘ಡೇಟಾ ಆಕ್ಸಲ್ ರೆಫರೆನ್ಸ್ ಸೊಲ್ಯೂಷನ್ಸ್’. ಮೊದಲು ಇದರ ಹೆಸರು ‘ರೆಫರೆನ್ಸ್ ಯುಎಸ್‌ಎ’. ಹಳಬರು ಈಗಲೂ ಹಾಗೇ ಕರೆಯುತ್ತಾರೆ. ದೇಶದ ಅಂಗಡಿ, ಕಾರ್ಖಾನೆ, ಕಚೇರಿಗಳ ವಿಳಾಸ, ಫೋನು, ಕೆಲಸಗಾರರ ಸಂಖ್ಯೆ ಇದರಲ್ಲಿವೆ.

ಯುಎಸ್ ಬಿಸಿನೆಸ್ ವಿಭಾಗ ತೆರೆದು, ಸರಳ ಹುಡುಕಾಟ ಬಿಟ್ಟು ವಿವರ ಹುಡುಕಾಟಕ್ಕೆ ಹೋಗಿ. ಉದ್ಯಮದ ಕೋಡ್ ಹಾಕಿ. ‘ಪ್ರಾಥಮಿಕ ಕೋಡ್ ಮಾತ್ರ’ ಮತ್ತು ‘ಎಲ್ಲ ಕೋಡ್’ ಎಂಬ ಆಯ್ಕೆ ಬರುತ್ತದೆ. ದಿನಸಿ ಜೊತೆಗೆ ಸಮೋಸ, ಸಿಹಿತಿಂಡಿ ಮಾರುವ ಅಂಗಡಿಯ ಪ್ರಾಥಮಿಕ ಕೋಡ್ ಹೋಟೆಲಿನದ್ದಾಗಿರಬಹುದು; ಆದ್ದರಿಂದ ಅಂಗಡಿ ಹುಡುಕುವಾಗ ‘ಎಲ್ಲ ಕೋಡ್’, ಎದುರಾಳಿ ತಯಾರಕರನ್ನು ಹುಡುಕುವಾಗ ‘ಪ್ರಾಥಮಿಕ’. ಆಮೇಲೆ ಕೌಂಟಿ, ಇಲ್ಲವೇ ಪಿನ್ ಕೋಡಿನಂಥ ಜಿಪ್ ಕೋಡ್‌ಗಳು. ಇಷ್ಟರಿಂದ ಬರುವ ಪಟ್ಟಿಯಲ್ಲಿ ನೂರಾರು ಸೂಪರ್‌ಮಾರ್ಕೆಟ್ ತುಂಬಿರುತ್ತವೆ. ಭಾರತೀಯ ಅಂಗಡಿಗೆಂದು ಬೇರೆ ಕೋಡ್ ಇಲ್ಲದ್ದರಿಂದ ಹೆಸರಿನಿಂದಲೇ ಜಾಲಾಡಬೇಕು: ‘ಇಂಡಿಯಾ’, ‘ದೇಸಿ’, ‘ಬಜಾರ್’, ‘ಸ್ಪೈಸ್’, ‘ಮಸಾಲಾ’ ಒಂದೊಂದನ್ನೇ ಹಾಕಿ ನೋಡಿ, ಪಟ್ಟಿ ಕೂಡಿಸಿ, ಎರಡು ಸಲ ಬಂದದ್ದನ್ನು ತೆಗೆಯಿರಿ.

ಡೌನ್‌ಲೋಡಿಗೆ ಒಂದು ಸಲಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಪಟ್ಟಿ ದೊಡ್ಡದಾದರೆ ಊರುವಾರು ಒಡೆದು ಇಳಿಸಿಕೊಳ್ಳಿ, ಪ್ರತಿ ಫೈಲಿನ ಹೆಸರಿನಲ್ಲಿ ಇಳಿಸಿದ ದಿನಾಂಕ ಇರಲಿ. ಇಳಿಸಿಕೊಂಡದ್ದು ನಿಮ್ಮ ಸ್ವಂತ ಅಧ್ಯಯನಕ್ಕೆ. ಅದನ್ನು ಬೇರೆಯವರಿಗೆ ಮಾರುವುದು, ಹಂಚುವುದು ಚಂದಾ ಕರಾರಿಗೆ ವಿರುದ್ಧ.

ಇಲ್ಲಿ ಮೋಸ ಹೋಗುವ ಜಾಗ ‘ಸೇಲ್ಸ್ ವಾಲ್ಯೂಮ್’ ಎಂಬ ಕಾಲಂ. ಅಮೆರಿಕದಲ್ಲಿ ಖಾಸಗಿ ಅಂಗಡಿಗಳು ತಮ್ಮ ವಹಿವಾಟನ್ನು ಯಾರಿಗೂ ಪ್ರಕಟಿಸಬೇಕಾಗಿಲ್ಲ. ಅಲ್ಲಿ ಕಾಣುವುದು ಕೆಲಸಗಾರರ ಸಂಖ್ಯೆ, ಉದ್ಯಮದ ಸರಾಸರಿ ನೋಡಿ ಯಂತ್ರ ಕಟ್ಟಿದ ಅಂದಾಜು. ಅದನ್ನು ಬಿಸಿನೆಸ್ ಪ್ಲಾನಿನಲ್ಲಿ ‘ಎದುರಾಳಿಯ ವಹಿವಾಟು ಇಷ್ಟು’ ಎಂದು ಬರೆದರೆ ಬ್ಯಾಂಕಿನವರು ಮೊದಲು ಕೈಯಿಡುವುದೇ ಅಲ್ಲಿ. ‘ವೆರಿಫೈಡ್’ ಅಲ್ಲದ ದಾಖಲೆಗಳಲ್ಲಿ ಮುಚ್ಚಿಹೋದ ಅಂಗಡಿಗಳೂ ಉಳಿದಿರುತ್ತವೆ. ಫೋನ್ ಮಾಡಿ ನೋಡುವುದಕ್ಕೆ ಬದಲಿ ಇಲ್ಲ.

ಈ ಪಟ್ಟಿಯನ್ನು ‘ಕೌಂಟಿ ಬಿಸಿನೆಸ್ ಪ್ಯಾಟರ್ನ್ಸ್’ ಎಂಬ ಸರ್ಕಾರಿ ಲೆಕ್ಕದ ಜೊತೆ ಹೋಲಿಸಿ. ಕೌಂಟಿವಾರು, ಕೋಡ್‌ವಾರು ಎಷ್ಟು ಘಟಕ, ಎಷ್ಟು ಕೆಲಸಗಾರರು ಎಂದು ಅದು ಹೇಳುತ್ತದೆ. 311942ರ ಸಾಲು ಕೆಲವು ಕೌಂಟಿಗಳಲ್ಲಿ ಕಾಣದಿದ್ದರೆ ಎದುರಾಳಿಯೇ ಇಲ್ಲವೆಂದು ಹಿಗ್ಗಬೇಡಿ. ಮೂರಕ್ಕಿಂತ ಕಡಿಮೆ ಘಟಕವಿದ್ದರೆ ಗೋಪ್ಯತೆಗಾಗಿ 2017ರಿಂದ ಅಂಥ ಸಾಲನ್ನು ಪ್ರಕಟಿಸುವುದೇ ಇಲ್ಲ. ಸಂಬಳದ ಕೆಲಸಗಾರರಿಲ್ಲದ, ಮನೆಯವರೇ ಮಾಡಿಕೊಂಡು ಹೋಗುವ ವ್ಯಾಪಾರವೂ ಇದರಲ್ಲಿ ಬರುವುದಿಲ್ಲ. ಅದಕ್ಕೆ ‘ನಾನ್ ಎಂಪ್ಲಾಯರ್ ಸ್ಟ್ಯಾಟಿಸ್ಟಿಕ್ಸ್’ ಬೇರೆ ಇದೆ. ನಿಮ್ಮ ನಿಜವಾದ ಎದುರಾಳಿ, ಅಂದರೆ ವಾಟ್ಸ್‌ಆಪ್ ಗುಂಪಿನಲ್ಲಿ ಪುಡಿ ಮಾರುವ ಪಕ್ಕದೂರಿನವರು, ಎರಡರಲ್ಲೂ ಇಲ್ಲದಿರಬಹುದು.

ಉದ್ಯಮ ವರದಿ, ದೊಡ್ಡ ಕಂಪನಿಗಳು

ಐಬಿಐಎಸ್‌ವರ್ಲ್ಡ್, ಮಿಂಟೆಲ್, ಸ್ಟಾಟಿಸ್ಟಾ ಮೊದಲಾದ ಮಾರುಕಟ್ಟೆ ವರದಿ ಸಂಸ್ಥೆಗಳಲ್ಲಿ ಈ ವರ್ಷ ಗ್ರಂಥಾಲಯದ ಚಂದಾ ಇರುವುದು ಯಾವುದಕ್ಕೆ ಎಂದು ಕೇಳಿ ತಿಳಿದುಕೊಳ್ಳಿ. ವರದಿ ಓದುವಾಗ ಎರಡು ಎಚ್ಚರ ಸಾಕು. ಒಂದು, ‘ಉದ್ಯಮದ ಆದಾಯ’ ಎಂದರೆ ಸಾಮಾನ್ಯವಾಗಿ ತಯಾರಕರ ಗೇಟಿನಲ್ಲಿ ಆದ ಮಾರಾಟ. ಅಂಗಡಿ ಕಪಾಟಿನ ಬೆಲೆಯ ಲೆಕ್ಕ ಅದಕ್ಕಿಂತ ದೊಡ್ಡದು. ಎರಡನ್ನೂ ಬೆರೆಸಿದರೆ ಲೆಕ್ಕ ಕೂಡುವುದಿಲ್ಲ. ಇನ್ನೊಂದು, ಸ್ಟಾಟಿಸ್ಟಾದಂಥ ಕಡೆ ಚಾರ್ಟಿನ ಅಡಿಯಲ್ಲಿ ಮೂಲ ಯಾವುದೆಂದು ಬರೆದಿರುತ್ತದೆ. ಆ ಮೂಲಕ್ಕೇ ಹೋಗಿ, ಅದನ್ನೇ ಹೆಸರಿಸಿ.

ಷೇರುಪೇಟೆಯಲ್ಲಿರುವ ಕಂಪನಿಗಳ ಬಗ್ಗೆ ಯಾವ ವರದಿಗಿಂತಲೂ ಒಳ್ಳೆಯ ಸಾಮಗ್ರಿ ‘10-ಕೆ’ ಎಂಬ ವಾರ್ಷಿಕ ದಾಖಲೆ. ಸೆಕ್ಯುರಿಟೀಸ್ ಆಯೋಗದ ‘ಎಡ್ಗರ್’ ತಾಣದಲ್ಲಿ ಉಚಿತ. ಮಸಾಲೆ ವ್ಯಾಪಾರಕ್ಕೆ ಬರುವವರು ಮಸಾಲೆಯ ದೊಡ್ಡ ಕಂಪನಿಯಾದ ಮ್ಯಾಕಾರ್ಮಿಕ್‌ನ 10-ಕೆಯ ಮೊದಲ ಎರಡು ಭಾಗಗಳನ್ನು, ಅಂದರೆ ವ್ಯಾಪಾರದ ವಿವರಣೆ ಮತ್ತು ಅಪಾಯಗಳ ಪಟ್ಟಿಯನ್ನು ಓದಲೇಬೇಕು. ಕಾಳುಮೆಣಸಿನಂಥ ಕಚ್ಚಾ ಸಾಮಾನಿನ ಬೆಲೆ ಏರಿಳಿತ ದೊಡ್ಡವರನ್ನೂ ಹೇಗೆ ತಟ್ಟುತ್ತದೆ ಎಂಬುದು ಅಲ್ಲಿ ನೇರವಾಗಿದೆ.

ಪತ್ರಿಕೆಗಳ ಡೇಟಾಬೇಸಿನಲ್ಲಿ ಹುಡುಕುವಾಗ ನಮ್ಮ ಪದಗಳನ್ನು ಬಿಡಿ. ಅಮೆರಿಕದ ದಿನಸಿ ವ್ಯಾಪಾರದವರು ಈ ಕಪಾಟನ್ನು ‘ಇಂಟರ್‌ನ್ಯಾಷನಲ್ ಐಲ್’, ‘ಎಥ್ನಿಕ್ ಫುಡ್’, ‘ಸೌತ್ ಏಷ್ಯನ್’ ಎಂದು ಕರೆಯುತ್ತಾರೆ. ಆ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ.

ಹೆಸರು: ಮುದ್ರಿಸುವ ಮೊದಲು ಹುಡುಕಿ

ಬಾಸ್ಟನ್ ಪಬ್ಲಿಕ್ ಲೈಬ್ರರಿ ಅಮೆರಿಕದ ಪೇಟೆಂಟ್ ಕಚೇರಿಯ ಅಧಿಕೃತ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಸಂಪನ್ಮೂಲ ಕೇಂದ್ರವೂ ಹೌದು. ತರಬೇತಿ ಪಡೆದ ಸಿಬ್ಬಂದಿ ಹುಡುಕುವುದನ್ನು ಕಲಿಸುತ್ತಾರೆ. ‘ಈ ಹೆಸರು ನನಗೆ ಸಿಗುತ್ತದೆಯೇ?’ ಎಂದು ಮಾತ್ರ ಕೇಳಬೇಡಿ. ಕಾನೂನು ಸಲಹೆ ಕೊಡಲು ಅವರಿಗೆ ಅನುಮತಿಯಿಲ್ಲ.

ಟ್ರೇಡ್‌ಮಾರ್ಕಿಗಾಗಿ ಸರಕು, ಸೇವೆಗಳನ್ನು ಸಂಖ್ಯೆಯ ವರ್ಗಗಳಾಗಿ ವಿಂಗಡಿಸಿದ್ದಾರೆ: ಪುಡಿ, ಹಿಟ್ಟು, ಕಾಫಿ ಎಲ್ಲ 30ನೇ ವರ್ಗ, ಉಪ್ಪಿನಕಾಯಿ 29, ಹೋಟೆಲು 43. ಮೂರರಲ್ಲೂ ಹುಡುಕಿ, ಏಕೆಂದರೆ ಹತ್ತಿರದ ವರ್ಗದಲ್ಲಿ ಅದೇ ಹೆಸರಿದ್ದರೂ ಗಿರಾಕಿಗೆ ಗೊಂದಲವಾಗುತ್ತದೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗಬಹುದು. ಹಳೆಯ ‘ಟೆಸ್’ ಹುಡುಕಾಟ ಯಂತ್ರವನ್ನು 2023ರ ನವೆಂಬರಿನಲ್ಲಿ ನಿಲ್ಲಿಸಿದ್ದಾರೆ, ಅದನ್ನು ಕಲಿಸುವ ವಿಡಿಯೋಗಳು ಈಗ ಉಪಯೋಗಕ್ಕೆ ಬಾರವು.

ಕನ್ನಡದ ಹೆಸರಿಡುವವರಿಗೆ ಇಲ್ಲಿ ಹೆಚ್ಚಿನ ಕೆಲಸವಿದೆ. ಕಚೇರಿ ನೋಡುವುದು ಕಾಗುಣಿತವನ್ನಷ್ಟೇ ಅಲ್ಲ, ಕಿವಿಗೆ ಹೇಗೆ ಕೇಳುತ್ತದೆ, ಅರ್ಥವೇನು ಎಂಬುದನ್ನೂ. ರೋಮನ್ ಅಕ್ಷರದಲ್ಲಿ ದೀರ್ಘಕ್ಕೆ ಒಂದು ‘ಎ’ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ. ತಕಾರಕ್ಕೆ ನಾವು ‘ಟಿ-ಎಚ್’ ಬರೆದರೆ ಉತ್ತರದವರು ಬರೀ ‘ಟಿ’ ಬರೆಯುತ್ತಾರೆ. ಎಲ್ಲ ರೂಪವನ್ನೂ ಹುಡುಕಿ. ಸಂಸ್ಕೃತದಿಂದ ಬಂದ ಪದವಾದರೆ ಅದೇ ಹೆಸರನ್ನು ಹಿಂದಿ, ತೆಲುಗು, ಗುಜರಾತಿಯವರು ಯಾರಾದರೂ ಈಗಾಗಲೇ ಪಡೆದಿರುವ ಸಂಭವ ಹೆಚ್ಚು. ಅರ್ಜಿಯಲ್ಲಿ ಆ ಪದದ ಇಂಗ್ಲಿಷ್ ಅರ್ಥ ಕೊಡಬೇಕು, ಲೋಗೋದಲ್ಲಿ ಕನ್ನಡ ಲಿಪಿ ಇದ್ದರೆ ಅದರ ರೋಮನ್ ರೂಪವನ್ನೂ ಕೊಡಬೇಕು. ಸಾರಿನ ಪುಡಿಗೆ ‘ಸಾರು’ ಎಂದೇ ಹೆಸರಿಟ್ಟರೆ ಅದು ಬರೀ ವಸ್ತುವಿನ ವರ್ಣನೆ ಎಂದು ತಿರಸ್ಕರಿಸಬಹುದು. ಬ್ಯಾಡಗಿ ಮೆಣಸಿನಕಾಯಿಗೆ ಭಾರತದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಊರಿನ ಹೆಸರನ್ನು ಸ್ವಂತ ಬ್ರಾಂಡ್ ಮಾಡಿಕೊಳ್ಳುವ ಯೋಚನೆ ಬಿಡುವುದೇ ಮೇಲು.

2025ರ ಜನವರಿಯಿಂದ ಮೂಲ ಅರ್ಜಿ ಶುಲ್ಕ ವರ್ಗವೊಂದಕ್ಕೆ 350 ಡಾಲರ್. ಸರಕಿನ ವಿವರಣೆಯನ್ನು ಕಚೇರಿಯ ಸಿದ್ಧಪಟ್ಟಿಯಿಂದ ಆರಿಸದೆ ಸ್ವಂತ ಮಾತಿನಲ್ಲಿ ಬರೆದರೆ ಇನ್ನೂ 200, ಮಾಹಿತಿ ಅರ್ಧಂಬರ್ಧ ಇದ್ದರೆ 100 ಸೇರುತ್ತದೆ. ಅರ್ಜಿ ಹಾಕಿದ ಕೆಲವೇ ವಾರಗಳಲ್ಲಿ ಸರ್ಕಾರಿ ಮೊಹರಿನಂತೆ ಕಾಣುವ ಪತ್ರಗಳು ಹಣ ಕೇಳಿಕೊಂಡು ಬರಬಹುದು. ಅರ್ಜಿದಾರರ ವಿಳಾಸ ಸಾರ್ವಜನಿಕವಾಗಿರುವುದರಿಂದ ಖಾಸಗಿಯವರು ಕಳಿಸುವ ಮೋಸದ ಕಾಗದ ಅವು. ಹಣ ಕಟ್ಟುವ ಮುನ್ನ ಕಚೇರಿಯ ಸ್ವಂತ ತಾಣದಲ್ಲಿ ನಿಮ್ಮ ಅರ್ಜಿಯ ಸ್ಥಿತಿ ನೋಡಿ.

ಪೇಟೆಂಟ್ ಸಾರಿನ ಪುಡಿಗೆ ಬೇಕಾಗುವುದಿಲ್ಲ. ಪುಡಿ ಹುರಿಯುವ ಹೊಸ ಯಂತ್ರ ಮಾಡಿದ್ದರೆ ಬೇರೆ ಮಾತು. ನೀವು ಭಾರತದ ನಿವಾಸಿಯಾಗಿದ್ದು ಹೊರದೇಶದಲ್ಲಿ ಪೇಟೆಂಟ್ ಅರ್ಜಿ ಹಾಕುವುದಾದರೆ, ಮೊದಲು ಭಾರತದಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಭಾರತದ ಪೇಟೆಂಟ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಪಡೆಯಬೇಕು.

ಗ್ರಂಥಪಾಲಕರು, ಮಾರ್ಗದರ್ಶಕರು

ಇಷ್ಟರಲ್ಲಿ ಎರಡು ದಿನದ ಕೆಲಸ ಆಗಿರುತ್ತದೆ. ಈಗ ವ್ಯಾಪಾರ ವಿಭಾಗದ ಗ್ರಂಥಪಾಲಕರ ಜೊತೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಕೂರಿ. ಹೋಗುವಾಗ ಪ್ರಶ್ನೆಯ ಹಾಳೆ, ಕೋಡ್‌ಗಳು, ಎಲ್ಲೆಲ್ಲಿ ಹುಡುಕಿದಿರಿ, ಏನು ಸಿಗಲಿಲ್ಲ ಎಂಬ ಟಿಪ್ಪಣಿ ಇರಲಿ. ಎರಡು ದಿನ ಮೊದಲೇ ಇಮೇಲಿನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಕೇಳಲು ಸಂಕೋಚ ಬೇಡ. ನಮ್ಮಲ್ಲಿ ಲೈಬ್ರರಿಯನ್ ಎಂದರೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು ಎಂಬ ಭಾವನೆ ಇದೆ. ಇಲ್ಲಿ ಹುಡುಕಿಕೊಡುವುದೇ ಅವರ ವೃತ್ತಿ, ಮತ್ತು ಡೇಟಾಬೇಸುಗಳಿಗಿಂತ ಅವರೇ ಹೆಚ್ಚು ಬೆಲೆಬಾಳುತ್ತಾರೆ. ಐಡಿಯಾ ಕದ್ದಾರೆಂಬ ಭಯದಿಂದ ಸರಕಿನ ಹೆಸರು ಹೇಳದೆ ಸುತ್ತಿ ಬಳಸಿ ಕೇಳಿದರೆ ಸಿಗುವ ಉತ್ತರವೂ ಹಾಗೇ ಇರುತ್ತದೆ.

ಅಂಕಿ ಸಿಕ್ಕ ಮೇಲೆ ಅದನ್ನು ತೀರ್ಮಾನಕ್ಕೆ ತರುವುದು ಗ್ರಂಥಪಾಲಕರ ಕೆಲಸವಲ್ಲ. ಅದಕ್ಕೆ 1964ರಿಂದ ಇರುವ ‘ಸ್ಕೋರ್’ ಸಂಸ್ಥೆಯ ಸ್ವಯಂಸೇವಕರಿದ್ದಾರೆ. ನಿವೃತ್ತ ವ್ಯಾಪಾರಿಗಳು, ವ್ಯವಸ್ಥಾಪಕರು ಶುಲ್ಕವಿಲ್ಲದೆ ಸಲಹೆ ಕೊಡುತ್ತಾರೆ. ಆಹಾರ ವ್ಯಾಪಾರದ ಅನುಭವ ಇರುವವರನ್ನೇ ಕೇಳಿ ಪಡೆಯಿರಿ.

ಪರವಾನಗಿಯ ಮೂರು ಅಂಶಗಳನ್ನು ಬಿಸಿನೆಸ್ ಪ್ಲಾನಿನಲ್ಲಿ ಮರೆಯುವವರು ಬಹಳ. ಮ್ಯಾಸಚೂಸೆಟ್ಸ್‌ನಲ್ಲಿ ಮನೆಯ ಅಡುಗೆಮನೆಯಲ್ಲಿ ಮಾಡಿ ನೇರ ಗಿರಾಕಿಗೆ ಮಾರಲು ಊರಿನ ಆರೋಗ್ಯ ಮಂಡಳಿಯ ಪರವಾನಗಿ; ಅಂಗಡಿಗೆ ಕೊಟ್ಟರೆ ಅದು ಸಗಟು, ರಾಜ್ಯ ಆರೋಗ್ಯ ಇಲಾಖೆಯ ಲೈಸೆನ್ಸ್ ಬೇಕು. ಸ್ವಂತ ಹೆಸರಲ್ಲದೆ ಬೇರೆ ಹೆಸರಿನಲ್ಲಿ ವ್ಯಾಪಾರ ಮಾಡಿದರೆ ಊರಿನ ಕ್ಲರ್ಕ್ ಕಚೇರಿಯಿಂದ ನಾಲ್ಕು ವರ್ಷದ ಪ್ರಮಾಣಪತ್ರ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿದರೆ ಈ ರಾಜ್ಯದಲ್ಲಿ ನೋಂದಣಿಗೆ 500 ಡಾಲರ್, ಆಮೇಲೆ ಪ್ರತಿ ವರ್ಷ ಇನ್ನೂ 500. ಮೇಲಿನ 22,400 ಡಾಲರಿನ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ಎಚ್-1ಬಿ ವೀಸಾದಲ್ಲಿರುವವರು ಲೈಬ್ರರಿಯಲ್ಲಿ ಎಷ್ಟು ಬೇಕಾದರೂ ಅಧ್ಯಯನ ಮಾಡಬಹುದು. ಸ್ವಂತ ವ್ಯಾಪಾರದಲ್ಲಿ ದುಡಿಯುವ ಮುನ್ನ ವಲಸೆ ವಕೀಲರನ್ನು ಕಾಣಲೇಬೇಕು.

ಕರ್ನಾಟಕದಲ್ಲಿದ್ದುಕೊಂಡು, ಅಥವಾ ಬೇರೆ ಊರಿನಲ್ಲಿ

ಬೆಂಗಳೂರಿನಿಂದಲೋ ಹಾವೇರಿಯಿಂದಲೋ ಅಮೆರಿಕಕ್ಕೆ ಪುಡಿ ಕಳಿಸಬೇಕೆಂದಿರುವವರಿಗೆ ಬಾಸ್ಟನ್ ಕಾರ್ಡ್ ಸಿಗುವುದಿಲ್ಲ. ಆದರೆ ಸೆನ್ಸಸ್ ಕೋಷ್ಟಕ, ಎಡ್ಗರ್, ಟ್ರೇಡ್‌ಮಾರ್ಕ್ ಹುಡುಕಾಟ ಮೂರೂ ಎಲ್ಲಿಂದಲಾದರೂ ತೆರೆಯುತ್ತವೆ. ಇವುಗಳ ಜೊತೆಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ (ಎಫ್‌ಡಿಎ) ತಾಣದಲ್ಲಿ ಬಂದರಿನಲ್ಲಿ ತಡೆಹಿಡಿದ ಸರಕುಗಳ ಪಟ್ಟಿ ನೋಡಿ. ಸಾಲ್ಮೊನೆಲ್ಲಾ ಕಾರಣಕ್ಕೆ ತಡೆಯುವ 99-19 ಎಂಬ ಎಚ್ಚರಿಕೆಯಲ್ಲಿ ಮಸಾಲೆ ಪದಾರ್ಥಗಳೂ ಬರುತ್ತವೆ. ನಿಮ್ಮ ಘಟಕ ಅಲ್ಲಿ ನೋಂದಣಿಯಾಗಬೇಕು, ಅಮೆರಿಕದಲ್ಲಿ ಒಬ್ಬ ಏಜೆಂಟ್ ಇರಬೇಕು, ಪ್ರತಿ ಸಮಸಂಖ್ಯೆಯ ವರ್ಷದ ಅಕ್ಟೋಬರ್-ಡಿಸೆಂಬರ್ ನಡುವೆ ನವೀಕರಿಸಬೇಕು. ಹೊರದೇಶದ ವಿಳಾಸದವರು ಟ್ರೇಡ್‌ಮಾರ್ಕ್ ಅರ್ಜಿಯನ್ನು ಅಮೆರಿಕದ ವಕೀಲರ ಮೂಲಕವೇ ಹಾಕಬೇಕೆಂಬ ನಿಯಮ 2019ರ ಆಗಸ್ಟ್‌ನಿಂದ ಜಾರಿಯಲ್ಲಿದೆ.

ನ್ಯೂಯಾರ್ಕ್ ರಾಜ್ಯದಲ್ಲಿ ಇರುವವರು, ಅಲ್ಲಿ ಕೆಲಸ ಮಾಡುವವರು ಅಲ್ಲಿನ ಪಬ್ಲಿಕ್ ಲೈಬ್ರರಿಯ ಕಾರ್ಡ್ ಪಡೆದು ಫಿಫ್ತ್ ಅವೆನ್ಯೂದ ಸ್ಟಾವ್ರೋಸ್ ನಿಯಾರ್ಕೋಸ್ ಕಟ್ಟಡದಲ್ಲಿರುವ ಥಾಮಸ್ ಯೋಸೆಲಾಫ್ ಬಿಸಿನೆಸ್ ಸೆಂಟರಿಗೆ ಹೋಗಬಹುದು. ಲಂಡನ್ನಿನವರಿಗೆ ಸೇಂಟ್ ಪ್ಯಾಂಕ್ರಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿ 2006ರಿಂದ ಬಿಸಿನೆಸ್ ಮತ್ತು ಐಪಿ (ಬೌದ್ಧಿಕ ಆಸ್ತಿ) ಸೆಂಟರ್ ಇದೆ. ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನ ನಗರ ಗ್ರಂಥಾಲಯಗಳಲ್ಲೂ ಅದರ ಜಾಲದ ಕೇಂದ್ರಗಳಿವೆ. ಅಲ್ಲಿ ಉದ್ಯಮದ ಕೋಡ್, ಕಂಪನಿ ದಾಖಲೆಯ ಪದ್ಧತಿ ಎರಡೂ ಬೇರೆ. ಬ್ರಿಟನ್ನಿನಲ್ಲಿ ಖಾಸಗಿ ಲಿಮಿಟೆಡ್ ಕಂಪನಿಗಳೂ ವಾರ್ಷಿಕ ಲೆಕ್ಕವನ್ನು ಕಂಪನೀಸ್ ಹೌಸ್‌ಗೆ ಸಲ್ಲಿಸಬೇಕಾದ್ದರಿಂದ ಎದುರಾಳಿಯ ಸ್ಥಿತಿಗತಿ ತಿಳಿಯುವುದು ಬಾಸ್ಟನ್ನಿಗಿಂತ ಸುಲಭ.